ಪಾಸ್ಟೆಲ್ ಭೂದೃಶ್ಯ ಚಿತ್ರಕಲೆ

ಪಾಸ್ಟೆಲ್ ಭೂದೃಶ್ಯ ಚಿತ್ರಕಲೆ ಎಂಬುದು ಒಣ ಬಣ್ಣದ ಕಡ್ಡಿಗಳನ್ನು ಬಳಸಿ ಮರ, ಬಯಲು, ನೀರು, ಬೆಟ್ಟ, ಆಕಾಶ ಮೊದಲಾದ ಪ್ರಕೃತಿ ದೃಶ್ಯಗಳನ್ನು ಕಾಗದದ ಮೇಲೆ ರಚಿಸುವ ಕಲಾಪ್ರಕಾರ. ಇದರಲ್ಲಿ ಮರಗಳ ಚಿತ್ರಣಕ್ಕೆ ವಿಶೇಷ ಸ್ಥಾನವಿದೆ. ಎಲೆಗಳ ಗುಂಪು, ತೊಗಟೆಯ ಒರಟುತನ, ಕೊಂಬೆಗಳ ನಡುವೆ ತೂರಿಬರುವ ಬೆಳಕು ಇವುಗಳನ್ನು ಪಾಸ್ಟೆಲ್ಲಿನ ಹುಡಿಹುಡಿಯಾದ ಗೆರೆ ಸಹಜವಾಗಿ ಹಿಡಿದುಕೊಡುತ್ತದೆ. ಪಾಸ್ಟೆಲ್ ಮೂಲಕೃತಿ ಬಹಳ ಸೂಕ್ಷ್ಮವಾದುದು. ಬೆರಳು ತಾಗಿದರೂ ಬಣ್ಣ ಕದಡುತ್ತದೆ, ಗಾಜಿನ ಚೌಕಟ್ಟಿಲ್ಲದೆ ಗೋಡೆಗೆ ತೂಗುಹಾಕುವಂತಿಲ್ಲ, ದೂರದ ಊರಿಗೆ ಕಳುಹಿಸುವುದೂ ಕಷ್ಟ. ಆದ್ದರಿಂದ ಇಂತಹ ಚಿತ್ರಗಳು ಬಹುಪಾಲು ಜನರನ್ನು ತಲುಪುವುದು ಮುದ್ರಿತ ಪ್ರತಿಗಳ ರೂಪದಲ್ಲಿ. ಮೂಲಕೃತಿಗೂ ಮುದ್ರಿತ ಪ್ರತಿಗೂ ಇರುವ ವ್ಯತ್ಯಾಸವನ್ನು ತಿಳಿಯುವುದು ವಿದ್ಯಾರ್ಥಿಗಳಿಗೂ ಕೊಳ್ಳುವವರಿಗೂ ಮುಖ್ಯವಾಗಿದೆ.

ಹೆಸರು ಮತ್ತು ಸಾಮಗ್ರಿ

ಪಾಸ್ಟೆಲ್ ಎಂಬ ಹೆಸರು ಹಿಟ್ಟಿನ ಕಣಕದಂತಹ ಮುದ್ದೆ ಎಂಬ ಅರ್ಥದ ಇಟಾಲಿಯನ್ ಪದದಿಂದ ಬಂದಿದೆ. ಬಣ್ಣದ ಪುಡಿ, ಸೀಮೆಸುಣ್ಣದಂತಹ ಬಿಳಿಯ ಪುಡಿ ಮತ್ತು ಅತಿ ಕಡಿಮೆ ಪ್ರಮಾಣದ ಅಂಟನ್ನು ನೀರಿನಲ್ಲಿ ಕಲಸಿ, ಹೊಸೆದು, ಒಣಗಿಸಿ ಈ ಕಡ್ಡಿಗಳನ್ನು ತಯಾರಿಸುತ್ತಾರೆ. ಅಂಟಾಗಿ ಸಾಂಪ್ರದಾಯಿಕವಾಗಿ ಟ್ರಾಗಕಾಂತ್ ಎಂಬ ಸಸ್ಯಜನ್ಯ ಗೋಂದು ಬಳಕೆಯಲ್ಲಿದ್ದು, ಇಂದು ಮಿಥೈಲ್ ಸೆಲ್ಯುಲೋಸನ್ನೂ ಬಳಸಲಾಗುತ್ತದೆ. ತೈಲವರ್ಣದಲ್ಲಿ ಬಣ್ಣದ ಕಣಗಳನ್ನು ಎಣ್ಣೆ ಸುತ್ತುವರಿದಿರುತ್ತದೆ. ಪಾಸ್ಟೆಲ್ಲಿನಲ್ಲಿ ಅಂಟು ತೀರಾ ಕಡಿಮೆ ಇರುವುದರಿಂದ ಕಣಗಳು ಬಹುಮಟ್ಟಿಗೆ ತೆರೆದೇ ಇರುತ್ತವೆ, ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಪಾಸ್ಟೆಲ್ ಚಿತ್ರದ ಮಖಮಲ್ಲಿನಂತಹ ಮೃದು ಕಾಂತಿಗೂ ಅದು ಸುಲಭವಾಗಿ ಉದುರುವುದಕ್ಕೂ ಕಾರಣ ಇದೊಂದೇ.

ಕಡ್ಡಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ.

ಮೃದು ಪಾಸ್ಟೆಲ್: ಅಂಟು ಅತಿ ಕಡಿಮೆ, ಬಣ್ಣ ಹೆಚ್ಚು. ಎಲೆಗಳ ಮೇಲಿನ ಬಿಸಿಲಿನ ಹೊಳಪು, ಮೋಡ, ಹೂಗಳಿಗೆ ಸೂಕ್ತ.

ಗಟ್ಟಿ ಪಾಸ್ಟೆಲ್: ಅಂಟು ಹೆಚ್ಚು. ಆರಂಭದ ರೇಖಾಚಿತ್ರಕ್ಕೂ ಕೊಂಬೆಗಳಂತಹ ತೆಳುಗೆರೆಗಳಿಗೂ ಬಳಕೆ.

ಪಾಸ್ಟೆಲ್ ಪೆನ್ಸಿಲ್: ಮರದ ಕವಚದೊಳಗಿನ ಪಾಸ್ಟೆಲ್. ಸಣ್ಣ ವಿವರಗಳಿಗೆ ಉಪಯುಕ್ತ.

ಆಯಿಲ್ ಪಾಸ್ಟೆಲ್: ಎಣ್ಣೆ ಮತ್ತು ಮೇಣ ಬೆರೆತದ್ದು. 1920ರ ದಶಕದಲ್ಲಿ ಜಪಾನಿನಲ್ಲಿ ಮಕ್ಕಳ ಬಳಕೆಗಾಗಿ ರೂಪುಗೊಂಡಿತು. 1949ರಲ್ಲಿ ಪ್ಯಾರಿಸ್ಸಿನ ಸೆನೆಲಿಯೇ ಸಂಸ್ಥೆ ಚಿತ್ರಕಾರ ಆನ್ರಿ ಗೆಟ್ಸ್ ಅವರ ಕೋರಿಕೆಯ ಮೇರೆಗೆ, ಪಿಕಾಸೊ ಅವರ ಬಳಕೆಯನ್ನು ಗಮನದಲ್ಲಿಟ್ಟು, ವೃತ್ತಿಪರ ಗುಣಮಟ್ಟದ ಆಯಿಲ್ ಪಾಸ್ಟೆಲ್ ತಯಾರಿಸಿತು.

ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ಬಳಸುವ ಪಾಸ್ಟೆಲ್ ಬಹುತೇಕ ಆಯಿಲ್ ಪಾಸ್ಟೆಲ್. ಈ ಲೇಖನದಲ್ಲಿ ಪಾಸ್ಟೆಲ್ ಎಂದಾಗ ಒಣ ಪಾಸ್ಟೆಲ್ ಎಂದೇ ತಿಳಿಯಬೇಕು. ತಿಳಿಬಣ್ಣಗಳನ್ನು ಪಾಸ್ಟೆಲ್ ಬಣ್ಣ ಎಂದು ಕರೆಯುವ ರೂಢಿಯೂ ಇದೆ. ಆದರೆ ಪಾಸ್ಟೆಲ್ ಮಾಧ್ಯಮದಲ್ಲಿ ಕಡುನೀಲಿ, ಕಡುಗೆಂಪು, ಕಪ್ಪುಹಸಿರುಗಳೂ ದೊರೆಯುತ್ತವೆ.

ಇತಿಹಾಸ

18ನೆಯ ಶತಮಾನದಲ್ಲಿ ಪಾಸ್ಟೆಲ್ ಪ್ರಧಾನವಾಗಿ ವ್ಯಕ್ತಿಚಿತ್ರದ ಮಾಧ್ಯಮವಾಗಿತ್ತು. ವೆನಿಸ್ಸಿನ ಕಲಾವಿದೆ ರೊಸಾಲ್ಬಾ ಕರಿಯೇರಾ (1673–1757) 1720–21ರಲ್ಲಿ ಪ್ಯಾರಿಸ್ಸಿಗೆ ಭೇಟಿ ನೀಡಿದ ಬಳಿಕ ಫ್ರಾನ್ಸಿನಲ್ಲಿ ಇದು ಜನಪ್ರಿಯವಾಯಿತು. ಮಾರಿಸ್ ಕಾಂತಾಂ ದ ಲಾ ತೂರ್ (1704–1788) ಮತ್ತು ಜಾನ್ ಎತಿಯೆನ್ ಲಿಯೊತಾರ್ (1702–1789) ಈ ಕಾಲದ ಪ್ರಮುಖರು. ಭೂದೃಶ್ಯಕ್ಕೆ ಪಾಸ್ಟೆಲ್ ವ್ಯಾಪಕವಾಗಿ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಒದ್ದೆ ಬಣ್ಣ ಒಣಗುವವರೆಗೆ ಕಾಯಬೇಕಿಲ್ಲದ ಕಾರಣ, ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಬಯಲಿನಲ್ಲೇ ಕುಳಿತು ದಾಖಲಿಸಲು ಇದು ಅನುಕೂಲವಾಗಿತ್ತು. ಯೂಜೀನ್ ಬೂದಾಂ (1824–1898) ರಚಿಸಿದ ಆಕಾಶದ ಪಾಸ್ಟೆಲ್ ಅಧ್ಯಯನಗಳನ್ನು ಕವಿ ಬೋದಲೇರ್ 1859ರ ತಮ್ಮ ಕಲಾವಿಮರ್ಶೆಯಲ್ಲಿ ಮೆಚ್ಚಿಕೊಂಡರು.

ಬಾರ್ಬಿಜೋನ್ ಮತ್ತು ಫಾಂತೆನ್‌ಬ್ಲೋ ಅರಣ್ಯ

ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಫಾಂತೆನ್‌ಬ್ಲೋ ಅರಣ್ಯದ ಅಂಚಿನ ಬಾರ್ಬಿಜೋನ್ ಹಳ್ಳಿಯಲ್ಲಿ ನೆಲೆಸಿದ ಕಲಾವಿದರು ಮರವನ್ನು ಹಿನ್ನೆಲೆಯ ಅಲಂಕಾರದ ಸ್ಥಾನದಿಂದ ಚಿತ್ರದ ಮುಖ್ಯ ವಸುವಿನ ಸ್ಥಾನಕ್ಕೆ ತಂದರು. ಇವರಲ್ಲಿ ಒಬ್ಬರಾದ ಥಿಯೊಡೊರ್ ರೂಸೋ (1812–1867) ಹಳೆಯ ಓಕ್ ಮರಗಳನ್ನು ಕಡಿಯುವುದರ ವಿರುದ್ಧ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಕಲಾವಿದರ ಒತ್ತಾಯದ ಫಲವಾಗಿ 1861ರಲ್ಲಿ ಅರಣ್ಯದ ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಪ್ರದೇಶವನ್ನು ಕಲಾತ್ಮಕ ಮಹತ್ವದ ಕಾರಣಕ್ಕಾಗಿ ಕಡಿತದಿಂದ ರಕ್ಷಿಸಲಾಯಿತು. ಪ್ರಕೃತಿ ಸಂರಕ್ಷಣೆಯ ಇತಿಹಾಸದಲ್ಲಿ ಇದು ಬಹು ಮುಂಚಿನ ಉದಾಹರಣೆಗಳಲ್ಲಿ ಒಂದು.

ಬಾರ್ಬಿಜೋನ್‌ನಲ್ಲೇ ನೆಲೆಸಿದ್ದ ಜಾನ್ ಫ್ರಾನ್ಸ್ವಾ ಮಿಲೇ (1814–1875) 1860ರ ದಶಕದಲ್ಲಿ ಎಮಿಲ್ ಗವೇ ಎಂಬ ಸಂಗ್ರಾಹಕರಿಗಾಗಿ ಪಾಸ್ಟೆಲ್ ಚಿತ್ರಗಳ ದೊಡ್ಡ ಸರಣಿಯನ್ನೇ ರಚಿಸಿದರು. ಕಪ್ಪು ಕಡ್ಡಿಯ ರೇಖೆಯ ಮೇಲೆ ಪಾಸ್ಟೆಲ್ ಬಣ್ಣವನ್ನು ಬಿಡಿಬಿಡಿ ಗೆರೆಗಳಾಗಿ ಹಾಕುವುದು ಅವರ ಕ್ರಮ. ಗವೇ ಸಂಗ್ರಹ 1875ರಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾಯಿತು. ಆಗ ಆ ನಗರದಲ್ಲಿದ್ದ ಯುವಕ ವಿನ್ಸೆಂಟ್ ವ್ಯಾನ್ ಗೋ ಅದನ್ನು ನೋಡಿ ಸೋದರನಿಗೆ ಪತ್ರ ಬರೆದರು. ಮಿಲೇ ಅವರ ಪಾಸ್ಟೆಲ್‌ಗಳಲ್ಲಿ ಅನೇಕವು ಇಂದು ಅಮೆರಿಕದ ಬೋಸ್ಟನ್ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿವೆ.

ವ್ಯಾನ್ ಗೋ 1889–90ರಲ್ಲಿ ಸೇಂಟ್ ರೆಮಿಯ ಚಿಕಿತ್ಸಾಲಯದಲ್ಲಿದ್ದಾಗ ಮಿಲೇ ಅವರ ಕೃತಿಗಳನ್ನು ಆಧರಿಸಿ ತೈಲಚಿತ್ರಗಳನ್ನು ರಚಿಸಿದರು. ಆಗ ಅವರ ಮುಂದೆ ಇದ್ದದ್ದು ಕಪ್ಪು ಬಿಳುಪಿನ ಮುದ್ರಿತ ಪ್ರತಿಗಳು ಮತ್ತು ಛಾಯಾಚಿತ್ರಗಳು ಮಾತ್ರ. ಮಧ್ಯಾಹ್ನದ ವಿಶ್ರಾಂತಿಯ ಪ್ರಸಿದ್ಧ ಚಿತ್ರ ಮರದಚ್ಚಿನ ಒಂದು ಮುದ್ರಣವನ್ನು ಆಧರಿಸಿದ್ದು, ಅದರ ಬಣ್ಣಗಳು ವ್ಯಾನ್ ಗೋ ಅವರ ಸ್ವಂತ ಕಲ್ಪನೆ. ಮುದ್ರಿತ ಪ್ರತಿ ಮೂಲದ ಬಣ್ಣವನ್ನು ಕಳೆದುಕೊಂಡರೂ ಚಿತ್ರದ ರಚನೆಯನ್ನು ದೂರಕ್ಕೆ ಒಯ್ಯಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಂಪ್ರೆಷನಿಸ್ಟರು ಮತ್ತು ನಂತರದ ಕಾಲ

1874ರ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಕ್ಲೋದ್ ಮೊನೆ ತೈಲಚಿತ್ರಗಳ ಜೊತೆಗೆ ಪಾಸ್ಟೆಲ್‌ಗಳನ್ನೂ ಇಟ್ಟಿದ್ದರು. ಜೇಮ್ಸ್ ಮ್ಯಾಕ್ನೀಲ್ ವಿಸ್ಲರ್ 1879ರಲ್ಲಿ ಎಚ್ಚಣೆ ಮುದ್ರಣಗಳನ್ನು ಮಾಡಿಕೊಡುವ ಒಪ್ಪಂದದ ಮೇಲೆ ವೆನಿಸ್ಸಿಗೆ ಹೋಗಿ, ಅವುಗಳ ಜೊತೆಗೆ ಬಣ್ಣದ ಕಾಗದದ ಮೇಲೆ ಅನೇಕ ಪಾಸ್ಟೆಲ್ ಚಿತ್ರಗಳನ್ನೂ ರಚಿಸಿದರು. ಅವುಗಳನ್ನು 1881ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಲಾಯಿತು. ಎಡ್ಗರ್ ದೆಗಾ (1834–1917) 1890ರ ಬರ್ಗಂಡಿ ಪ್ರವಾಸದ ನೆನಪಿನಿಂದ ರಚಿಸಿದ ಭೂದೃಶ್ಯಗಳನ್ನು 1892ರಲ್ಲಿ ಪ್ಯಾರಿಸ್ಸಿನ ದ್ಯುರಾಂ ರುವೆಲ್ ಗ್ಯಾಲರಿಯಲ್ಲಿ ಪ್ರದರ್ಶಿಸಿದರು. ಇವು ತಗಡಿನ ಮೇಲೆ ಬಣ್ಣ ಬಳಿದು ಕಾಗದಕ್ಕೆ ಒತ್ತಿ ತೆಗೆದ ಮಾನೊಟೈಪ್ ಮುದ್ರಣಗಳು. ಹಲವುಗಳ ಮೇಲೆ ದೆಗಾ ಪಾಸ್ಟೆಲ್ ಹಚ್ಚಿದ್ದಾರೆ. ಹೀಗೆ ಮುದ್ರಣವೂ ಪಾಸ್ಟೆಲ್ಲೂ ಒಂದೇ ಹಾಳೆಯಲ್ಲಿ ಕೂಡಿದ ಇಂತಹ ಕೃತಿಗಳು ಪ್ರತಿಗಳಲ್ಲ, ಸ್ವತಂತ್ರ ಮೂಲಕೃತಿಗಳು.

ರಷ್ಯಾದ ಐಸಾಕ್ ಲೆವಿಟಾನ್ (1860–1900) ಮತ್ತು ಅಮೆರಿಕದ ಜಾನ್ ಟ್ವಾಕ್ಟ್‌ಮನ್ (1853–1902) ಪಾಸ್ಟೆಲ್ಲಿನಲ್ಲಿ ಭೂದೃಶ್ಯ ರಚಿಸಿದ ಇತರ ಪ್ರಮುಖರು. ಈ ಅವಧಿಯಲ್ಲಿ ಪಾಸ್ಟೆಲ್ ಕಲಾವಿದರ ಸಂಘಗಳೂ ಹುಟ್ಟಿಕೊಂಡವು. ಫ್ರಾನ್ಸಿನ ಸಂಘ 1885ರಲ್ಲಿ, ಲಂಡನ್ನಿನ ಪಾಸ್ಟೆಲ್ ಸೊಸೈಟಿ 1898ರಲ್ಲಿ ಸ್ಥಾಪನೆಯಾದವು. ಪಾಸ್ಟೆಲ್ ಸೊಸೈಟಿ ಆಫ್ ಅಮೆರಿಕ 1972ರಲ್ಲಿ ಆರಂಭವಾಯಿತು.

ವುಲ್ಫ್ ಕಾನ್

20ನೆಯ ಶತಮಾನದ ಉತ್ತರಾರ್ಧದಲ್ಲಿ ಮರಗಳ ಪಾಸ್ಟೆಲ್ ಚಿತ್ರಗಳಿಗೆ ಹೆಸರಾದವರು ವುಲ್ಫ್ ಕಾನ್ (1927–2020). ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿದ ಇವರನ್ನು 1939ರಲ್ಲಿ ಮಕ್ಕಳನ್ನು ಪಾರುಮಾಡುವ ವ್ಯವಸ್ಥೆಯ ಮೂಲಕ ಇಂಗ್ಲೆಂಡಿಗೆ ಕಳುಹಿಸಲಾಯಿತು. ಮರುವರ್ಷ ಅವರು ಅಮೆರಿಕ ಸೇರಿದರು. ಅಮೂರ್ತ ಕಲೆಯ ಪ್ರಸಿದ್ಧ ಗುರು ಹಾನ್ಸ್ ಹಾಫ್ಮನ್ ಅವರಲ್ಲಿ ಅಭ್ಯಾಸ ಮಾಡಿದರು. ವರ್ಮಾಂಟ್ ರಾಜ್ಯದ ತಮ್ಮ ತೋಟದ ಮನೆಯ ಸುತ್ತಲಿನ ಕಾಡು, ಮರಸಾಲು ಮತ್ತು ಕೊಟ್ಟಿಗೆಗಳು ದಶಕಗಳ ಕಾಲ ಅವರ ವಸ್ತುವಾದವು. ನೇರಳೆ ಕಾಂಡಗಳು, ಕಿತ್ತಳೆ ಆಕಾಶ, ಗುಲಾಬಿ ಪೊದೆಗಳಂತಹ ಬಣ್ಣಗಳಿಂದ ಅವರ ಚಿತ್ರಗಳನ್ನು ಗುರುತಿಸಬಹುದು. ಇವು ಕಣ್ಣಿಗೆ ಕಂಡ ಬಣ್ಣಗಳ ನಕಲಲ್ಲ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಉಜ್ವಲಗೊಳಿಸುವಂತೆ ಅವುಗಳನ್ನು ಆರಿಸಲಾಗಿದೆ. ಅವರ ಚಿತ್ರಗಳು ಭಿತ್ತಿಪತ್ರ ಮತ್ತು ಮುದ್ರಿತ ಪ್ರತಿಗಳಾಗಿಯೂ ಪ್ರಸಾರಗೊಂಡಿವೆ.

ಮರಗಳ ಚಿತ್ರಣದ ತಂತ್ರ

ಕಾಗದ: ನುಣುಪಾದ ಕಾಗದದ ಮೇಲೆ ಪಾಸ್ಟೆಲ್ ನಿಲ್ಲುವುದಿಲ್ಲ. ಬಣ್ಣದ ಕಣಗಳನ್ನು ಹಿಡಿದಿಡಲು ಕಾಗದದಲ್ಲಿ ಸೂಕ್ಷ್ಮ ತರಿ ಇರಬೇಕು. ಮರಳು ಕಾಗದದಂತೆ ಲೇಪಿತವಾದ ಹಾಳೆಗಳು ಹಲವು ಪದರ ಬಣ್ಣವನ್ನು ಹಿಡಿಯಬಲ್ಲವು. ಬಿಳಿ ಹಾಳೆಗಿಂತ ಬೂದು, ಕಂದು ಮೊದಲಾದ ಮಧ್ಯಮ ಛಾಯೆಯ ಹಾಳೆಗಳನ್ನು ಅನೇಕರು ಆರಿಸುತ್ತಾರೆ. ಹಸಿರು ಪ್ರಧಾನವಾದ ಚಿತ್ರಕ್ಕೆ ಕೆಂಪುಮಣ್ಣಿನ ಬಣ್ಣದ ಹಾಳೆಯನ್ನು ಬಳಸಿದರೆ, ಎಲೆಗಳ ಸಂದುಗಳಲ್ಲಿ ಇಣುಕುವ ಕೆಂಪಿನಿಂದಾಗಿ ಹಸಿರು ಜೀವಂತವಾಗಿ ಕಾಣುತ್ತದೆ.

ಬೆಳಕು ನೆರಳಿನ ಲೆಕ್ಕ: ಅಮೆರಿಕದ ಭೂದೃಶ್ಯ ಚಿತ್ರಕಾರ ಜಾನ್ ಕಾರ್ಲ್‌ಸನ್ 1929ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಸರಳ ನಿಯಮ ನೀಡಿದ್ದಾರೆ. ಬೆಳಕಿನ ಮೂಲವಾದ ಆಕಾಶ ಅತ್ಯಂತ ತಿಳಿಯಾದದ್ದು. ಆಕಾಶಕ್ಕೆ ಎದುರಾಗಿ ಮಲಗಿರುವ ನೆಲ ಅದರ ನಂತರದ್ದು. ಇಳಿಜಾರಾದ ಬೆಟ್ಟಗಳು ಇನ್ನಷ್ಟು ಗಾಢ. ಮೇಲಿನ ಬೆಳಕು ಕಡಿಮೆ ಬೀಳುವ ಕಾರಣ ನೇರವಾಗಿ ನಿಂತ ಮರಗಳು ಎಲ್ಲಕ್ಕಿಂತ ಗಾಢ. ಹಿಮ ಬಿದ್ದ ನೆಲ, ಹೂಬಿಟ್ಟ ಮರ, ಸಂಜೆಯ ಓರೆಬಿಸಿಲು ಮುಂತಾದ ಸಂದರ್ಭಗಳಲ್ಲಿ ಈ ಕ್ರಮ ಬದಲಾಗುತ್ತದೆ.

ಎಲೆಗಳ ರಾಶಿ: ಒಂದೊಂದೇ ಎಲೆ ಬಿಡಿಸುವುದಕ್ಕೆ ಬದಲು, ಮರದ ಒಟ್ಟು ಆಕಾರವನ್ನು ಮೊದಲು ಗಾಢ ಬಣ್ಣದಲ್ಲಿ ತುಂಬಿ, ಆಮೇಲೆ ಮಧ್ಯಮ ಛಾಯೆ, ಕೊನೆಗೆ ಬಿಸಿಲು ತಾಗಿದ ಭಾಗಗಳನ್ನು ಹಾಕಲಾಗುತ್ತದೆ. ತಿಳಿಬಣ್ಣದ ಮೇಲೆ ಗಾಢ ಬಣ್ಣ ಹಾಕಿದರೆ ಎರಡೂ ಕಲೆತು ಮಣ್ಣಿನಂತಾಗುವ ಸಾಧ್ಯತೆ ಇರುವುದರಿಂದ ಈ ಕ್ರಮ ರೂಢಿಯಲ್ಲಿದೆ.

ಆಕಾಶದ ಕಿಂಡಿಗಳು: ಕೊಂಬೆಗಳ ನಡುವೆ ಕಾಣುವ ಆಕಾಶದ ಚೂರುಗಳನ್ನು ಬಯಲಿನ ಆಕಾಶಕ್ಕಿಂತ ಸ್ವಲ್ಪ ಮಂದವಾಗಿ ಹಾಕಬೇಕು. ಸುತ್ತಲಿನ ಎಲೆ ಕೊಂಬೆಗಳು ಬೆಳಕನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಒಂದೇ ಬಣ್ಣ ಬಳಸಿದರೆ ಕಿಂಡಿಗಳು ಮರದ ಮೇಲೆ ಅಂಟಿಸಿದ ಬಿಳಿಚುಕ್ಕೆಗಳಂತೆ ಕಾಣುತ್ತವೆ.

ದೂರ: ದೂರದ ಮರಸಾಲುಗಳು ವಾತಾವರಣದ ಕಾರಣದಿಂದ ನೀಲಿಯಾಗಿ, ಮಸುಕಾಗಿ ಕಾಣುತ್ತವೆ. ಬೆರಳಿನಿಂದ ತುಸು ಒರೆಸಿ ಅಂಚುಗಳನ್ನು ಮೃದುಗೊಳಿಸಿದರೆ ಈ ಪರಿಣಾಮ ಬರುತ್ತದೆ. ಎಲ್ಲವನ್ನೂ ಒರೆಸಿದರೆ ಪಾಸ್ಟೆಲ್ಲಿನ ಸಹಜ ಹೊಳಪು ನಂದುತ್ತದೆ.

ಪಾಸ್ಟೆಲ್ ಪುಡಿಯನ್ನು ಬಾಯಿಂದ ಊದಬಾರದು. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂನಂತಹ ಲೋಹಗಳ ಸಂಯುಕ್ತಗಳಿರುತ್ತವೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಪುಡಿ ಕೆಳಗೆ ಬೀಳುವಂತೆ ಮಾಡುವುದು, ಒದ್ದೆ ಬಟ್ಟೆಯಿಂದ ಒರೆಸುವುದು ಸುರಕ್ಷಿತ.

ಸಂರಕ್ಷಣೆ

ಉತ್ತಮ ಬಣ್ಣದ್ರವ್ಯ ಮತ್ತು ಆಮ್ಲರಹಿತ ಕಾಗದದಲ್ಲಿ ರಚಿಸಿದ ಪಾಸ್ಟೆಲ್ ಚಿತ್ರ ಶತಮಾನಗಳ ಕಾಲ ಬಾಳುತ್ತದೆ. ಎಣ್ಣೆ ಇಲ್ಲದ ಕಾರಣ ಅದು ಹಳದಿಯಾಗುವುದಿಲ್ಲ, ತೈಲಚಿತ್ರದಂತೆ ಬಿರುಕು ಬಿಡುವುದಿಲ್ಲ. ಅದಕ್ಕೆ ಅಪಾಯ ಇರುವುದು ಸ್ಪರ್ಶ, ಕಂಪನ, ಬೆಳಕು ಮತ್ತು ತೇವದಿಂದ. ಚಿತ್ರಕ್ಕೆ ಗಾಜು ತಾಗದಂತೆ ನಡುವೆ ರಟ್ಟಿನ ಅಂಚು ಅಥವಾ ಪಟ್ಟಿ ಇಡಬೇಕು. ಸಾಧಾರಣ ಅಕ್ರಿಲಿಕ್ ಹಾಳೆ ಸ್ಥಿರ ವಿದ್ಯುತ್ತಿನಿಂದ ಬಣ್ಣದ ಕಣಗಳನ್ನು ಎಳೆದುಕೊಳ್ಳುವುದರಿಂದ ಗಾಜೇ ಮೇಲು. ಬಣ್ಣ ಉದುರದಂತೆ ಸಿಂಪಡಿಸುವ ಫಿಕ್ಸೆಟಿವ್ ದ್ರಾವಣ ಕಣಗಳನ್ನು ಸ್ವಲ್ಪ ಹಿಡಿದಿಡುತ್ತದೆ. ಆದರೆ ತಿಳಿಬಣ್ಣಗಳನ್ನು ಗಾಢಗೊಳಿಸುವುದರಿಂದ ಹಲವು ಕಲಾವಿದರು ಅದನ್ನು ಕೊನೆಯ ಪದರಕ್ಕೆ ಬಳಸುವುದಿಲ್ಲ. ವಸ್ತುಸಂಗ್ರಹಾಲಯಗಳು ಕಾಗದದ ಕೃತಿಗಳನ್ನು ಸಾಮಾನ್ಯವಾಗಿ ಸುಮಾರು 50 ಲಕ್ಸ್ ಮಂದ ಬೆಳಕಿನಲ್ಲಿ, ಸೀಮಿತ ಅವಧಿಗೆ ಮಾತ್ರ ಪ್ರದರ್ಶಿಸುತ್ತವೆ.

ಗಾಳಿಯ ತೇವಾಂಶ ದೀರ್ಘಕಾಲ ಶೇ. 65ಕ್ಕಿಂತ ಹೆಚ್ಚಿದ್ದರೆ ಕಾಗದ ಮತ್ತು ಗೋಂದಿನ ಮೇಲೆ ಬೂಷ್ಟು ಬೆಳೆಯುವ ಸಾಧ್ಯತೆ ಇದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಚಿತ್ರವನ್ನು ಹೊರಗೋಡೆಗೆ ಒತ್ತಿ ತೂಗುಹಾಕದೆ ಹಿಂದೆ ಗಾಳಿಯಾಡಲು ಎಡೆ ಬಿಡುವುದು ಒಳಿತು. ಬೂಷ್ಟು ಬಂದ ಪಾಸ್ಟೆಲ್ ಚಿತ್ರವನ್ನು ಮನೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆಗೆ ಚಿತ್ರವೂ ಹೋಗುತ್ತದೆ. ಅದನ್ನು ಸಂರಕ್ಷಣಾ ತಜ್ಞರಿಗೇ ಒಪ್ಪಿಸಬೇಕು.

ಮುದ್ರಿತ ಪ್ರತಿಗಳು

ಚಿತ್ರಗಳನ್ನು ಅಚ್ಚುಮಾಡಿ ಜನಸಾಮಾನ್ಯರಿಗೆ ಮಾರುವ ಪದ್ಧತಿ ಹೊಸದಲ್ಲ. 19ನೆಯ ಶತಮಾನದಲ್ಲಿ ಬೋಸ್ಟನ್ನಿನ ಲೂಯಿ ಪ್ರಾಂಗ್ (1824–1909) ಕಲ್ಲಚ್ಚಿನ ಬಣ್ಣದ ಪ್ರತಿಗಳನ್ನು ವ್ಯಾಪಕವಾಗಿ ಮಾರಿದರು. ಭಾರತದಲ್ಲಿ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಓಲಿಯೋಗ್ರಾಫ್‌ಗಳು ಕರ್ನಾಟಕದ ಮನೆಗಳ ಗೋಡೆಗಳಿಗೂ ದೇವರ ಕೋಣೆಗಳಿಗೂ ಬಂದವು.

ಇಂದು ಪಾಸ್ಟೆಲ್ ಚಿತ್ರಗಳ ಪ್ರತಿಗಳು ಹೆಚ್ಚಾಗಿ ಜಿಕ್ಲೇ ವಿಧಾನದಲ್ಲಿ ತಯಾರಾಗುತ್ತವೆ. ಗಾಯಕ ಗ್ರಹಾಂ ನ್ಯಾಶ್ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ನ್ಯಾಶ್ ಎಡಿಷನ್ಸ್ ಮುದ್ರಣ ಸಂಸ್ಥೆಯಲ್ಲಿದ್ದ ಜ್ಯಾಕ್ ಡುಗಾನ್ 1991ರಲ್ಲಿ ಈ ಹೆಸರನ್ನು ರೂಪಿಸಿದರು. ಚಿಮ್ಮಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದ ಇದರ ಮೂಲ. ಸರಳವಾಗಿ ಹೇಳುವುದಾದರೆ ಇದು ಉತ್ತಮ ಗುಣಮಟ್ಟದ ಇಂಕ್‌ಜೆಟ್ ಮುದ್ರಣ. ಆರಂಭದ ಐರಿಸ್ ಯಂತ್ರಗಳ ಶಾಯಿ ಬೇಗ ಮಾಸುತ್ತಿತ್ತು. ಬಣ್ಣದ್ರವ್ಯ ಆಧಾರಿತ ಶಾಯಿಗಳು ಬಂದ ಮೇಲೆ ಬಾಳಿಕೆ ಬಹಳ ಸುಧಾರಿಸಿತು.

ತಯಾರಿಕೆಯ ಹಂತಗಳು

ಚಿತ್ರದ ಡಿಜಿಟಲ್ ಪ್ರತಿ ತೆಗೆಯುವುದು ಮೊದಲ ಹಂತ. ಸಾಮಾನ್ಯ ಸ್ಕ್ಯಾನರಿನ ಗಾಜಿಗೆ ಪಾಸ್ಟೆಲ್ ಚಿತ್ರವನ್ನು ಒತ್ತಿದರೆ ಬಣ್ಣ ಗಾಜಿಗೆ ಅಂಟಿ ಚಿತ್ರ ಕೆಡುತ್ತದೆ. ಆದ್ದರಿಂದ ಎರಡೂ ಬದಿಯಿಂದ ಸಮನಾದ ಬೆಳಕು ಬೀಳಿಸಿ ಕ್ಯಾಮೆರಾದಿಂದ ಛಾಯಾಚಿತ್ರ ತೆಗೆಯಲಾಗುತ್ತದೆ. ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ 12 × 16 ಇಂಚಿನ ಪ್ರತಿಗೆ 3600 × 4800 ಪಿಕ್ಸೆಲ್‌ಗಳ ಚಿತ್ರ ಬೇಕು. ಬಳಿಕ ಮೂಲಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಪರದೆಯ ಮೇಲಿನ ಬಣ್ಣಗಳನ್ನು ಸರಿಹೊಂದಿಸಿ, ಹತ್ತಿಯಿಂದ ತಯಾರಿಸಿದ ಹೊಳಪಿಲ್ಲದ ಆಮ್ಲರಹಿತ ಕಾಗದದ ಮೇಲೆ ಮುದ್ರಿಸಲಾಗುತ್ತದೆ.

ಮುದ್ರಣದ ಮಿತಿಗಳು

ಕೆಲವು ಉಜ್ವಲ ನೇರಳೆ, ಕಿತ್ತಳೆ, ನೀಲಿಹಸಿರು ಬಣ್ಣಗಳು ಮುದ್ರಣ ಶಾಯಿಗಳ ವ್ಯಾಪ್ತಿಯನ್ನು ಮೀರುತ್ತವೆ. ಪ್ರತಿಯಲ್ಲಿ ಅವು ಮಂಕಾಗುತ್ತವೆ. ಮೂಲದಲ್ಲಿ ಉಬ್ಬಿನಿಂತ ಕಣಗಳಿಂದ ಚದುರುವ ಬೆಳಕು ಪ್ರತಿಯ ಸಮತಲದಿಂದ ಬರುವುದಿಲ್ಲ. ಪ್ರತಿಯಲ್ಲಿ ಕಾಣುವ ಒರಟುತನ ಒರಟುತನದ ಚಿತ್ರ ಮಾತ್ರ. ಇದಕ್ಕೆ ಪ್ರತಿಯಾಗಿ ಮುದ್ರಣಕ್ಕೆ ತನ್ನದೇ ಅನುಕೂಲಗಳಿವೆ. ಅದರಿಂದ ಬಣ್ಣ ಉದುರುವುದಿಲ್ಲ, ಅಂಚೆಯಲ್ಲಿ ಕಳುಹಿಸಬಹುದು, ಹಾಳಾದರೆ ಇನ್ನೊಂದು ದೊರೆಯುತ್ತದೆ, ಬೆಲೆಯೂ ಕಡಿಮೆ. ಕಲಾವಿದರಿಗೆ ಒಂದೇ ಚಿತ್ರದಿಂದ ಹಲವು ಬಾರಿ ಆದಾಯ ಬರುತ್ತದೆ.

ಮೂಲವನ್ನೂ ಪ್ರತಿಯನ್ನೂ ಗುರುತಿಸುವುದು

ಮಾರಾಟದಲ್ಲಿ ಬಳಸುವ ಪದಗಳು ಗೊಂದಲ ಉಂಟುಮಾಡುವುದುಂಟು. ಪಾಸ್ಟೆಲ್ ಪ್ರಿಂಟ್ ಎಂದರೆ ಪಾಸ್ಟೆಲ್ ಚಿತ್ರದ ಮುದ್ರಿತ ಪ್ರತಿಯೇ ಹೊರತು ಪಾಸ್ಟೆಲ್ ಚಿತ್ರವಲ್ಲ. ಕೊಳ್ಳುವಾಗ ಈ ಕೆಳಗಿನವುಗಳನ್ನು ಗಮನಿಸಬಹುದು.

ಭೂತಗನ್ನಡಿಯಲ್ಲಿ ನೋಡಿದಾಗ ಇಂಕ್‌ಜೆಟ್ ಪ್ರತಿಯಲ್ಲಿ ಸಣ್ಣ ಚುಕ್ಕೆಗಳೂ ಆಫ್‌ಸೆಟ್ ಪ್ರತಿಯಲ್ಲಿ ಹೂವಿನಾಕಾರದ ಚುಕ್ಕೆಗುಂಪುಗಳೂ ಕಾಣುತ್ತವೆ. ಮೂಲದಲ್ಲಿ ಕಾಗದದ ಉಬ್ಬುಗಳ ಮೇಲೆ ಕೂತ ಬಣ್ಣದ ಕಣಗಳು ಕಾಣುತ್ತವೆ.

ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಮೂಲದ ಗೆರೆಗಳು ಎದ್ದು ಕಾಣುತ್ತವೆ. ಪ್ರತಿಯ ಮೇಲ್ಮೈ ಎಲ್ಲೆಡೆ ಒಂದೇ ತೆರನಾಗಿರುತ್ತದೆ.

25/100 ಎಂದು ಪೆನ್ಸಿಲಿನಲ್ಲಿ ಬರೆದಿದ್ದರೆ 100 ಪ್ರತಿಗಳ ಸೀಮಿತ ಆವೃತ್ತಿಯ 25ನೆಯದು ಎಂದರ್ಥ. ಸಹಿ ಮತ್ತು ಸಂಖ್ಯೆ ಇದ್ದಮಾತ್ರಕ್ಕೆ ಪ್ರತಿ ಮೂಲಕೃತಿಯಾಗುವುದಿಲ್ಲ.

ಎಚ್ಚಣೆ, ಮರದಚ್ಚು, ಕಲ್ಲಚ್ಚುಗಳಲ್ಲಿ ಕಲಾವಿದರೇ ಅಚ್ಚನ್ನು ರೂಪಿಸಿ ತೆಗೆದ ಮುದ್ರಣಗಳನ್ನು ಮೂಲ ಮುದ್ರಣಗಳೆಂದು ಪರಿಗಣಿಸಲಾಗುತ್ತದೆ. ಈಗಾಗಲೇ ಇರುವ ಪಾಸ್ಟೆಲ್ ಚಿತ್ರದ ಜಿಕ್ಲೇ ಆ ವರ್ಗಕ್ಕೆ ಸೇರದು.

ಕೃತಿಸ್ವಾಮ್ಯ

ಪಾಸ್ಟೆಲ್ ಚಿತ್ರವೊಂದನ್ನು ಕೊಂಡವರಿಗೆ ದೊರೆಯುವುದು ಆ ಹಾಳೆಯ ಒಡೆತನ. ಅದರ ಪ್ರತಿಗಳನ್ನು ಮುದ್ರಿಸಿ ಮಾರುವ ಹಕ್ಕು ತಾನಾಗಿ ದೊರೆಯುವುದಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಸಾಮಾನ್ಯವಾಗಿ ಕಲಾವಿದರೇ ಮೊದಲ ಹಕ್ಕುದಾರರು. ಹಕ್ಕನ್ನು ವರ್ಗಾಯಿಸಲು ಲಿಖಿತ ಪತ್ರ ಬೇಕು. ಇದಕ್ಕೊಂದು ಮುಖ್ಯ ಅಪವಾದವಿದೆ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದಾಗುತ್ತದೆ. ಆದ್ದರಿಂದ ಬೇಡಿಕೆಯ ಮೇಲೆ ಚಿತ್ರ ರಚಿಸುವ ಕಲಾವಿದರು ಮುದ್ರಣದ ಹಕ್ಕನ್ನು ತಾವು ಉಳಿಸಿಕೊಳ್ಳಬೇಕಿದ್ದರೆ ಅದನ್ನು ಮೊದಲೇ ಬರೆದುಕೊಳ್ಳಬೇಕು. ಕೃತಿಸ್ವಾಮ್ಯ ಕಲಾವಿದರ ಜೀವಿತಾವಧಿ ಮತ್ತು ಮರಣಾನಂತರದ 60 ವರ್ಷಗಳ ಕಾಲ ಇರುತ್ತದೆ. ಮಿಲೇ, ದೆಗಾ ಅವರ ಚಿತ್ರಗಳು ಈ ಅವಧಿಯನ್ನು ದಾಟಿವೆ. ವುಲ್ಫ್ ಕಾನ್ ಅವರಂತಹ ಇತ್ತೀಚಿನ ಕಲಾವಿದರ ಕೃತಿಗಳನ್ನು ಅನುಮತಿಯಿಲ್ಲದೆ ಮುದ್ರಿಸಿ ಮಾರುವಂತಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಬಂಗಾಳ ಶೈಲಿಯ ಪ್ರವರ್ತಕ ಅವನೀಂದ್ರನಾಥ ಠಾಕೂರ್ ಆರಂಭದಲ್ಲಿ ಇಟಲಿಯ ಕಲಾವಿದ ಗಿಲಾರ್ಡಿ ಅವರಿಂದ ಪಾಸ್ಟೆಲ್ ಕಲಿತಿದ್ದರು. ಅವರ ಶಿಷ್ಯರಾದ ಕರ್ನಾಟಕದ ಕೆ. ವೆಂಕಟಪ್ಪ (1886–1965) ಊಟಿ ಮತ್ತು ಕೊಡೈಕನಾಲ್‌ಗಳ ಭೂದೃಶ್ಯಗಳಿಗೆ ಹೆಸರಾದವರು. ಆದರೆ ಅವರ ಮಾಧ್ಯಮ ಜಲವರ್ಣ. ಅವರ ಕೃತಿಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗಾಗಿ ಸಂಗ್ರಹಿಸಲಾಗಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ವಾರ್ಷಿಕ ಚಿತ್ರಸಂತೆ, ಕಲಾವಿದರಿಂದಲೇ ನೇರವಾಗಿ ಚಿತ್ರಗಳನ್ನು ಕೊಳ್ಳಲು ಅವಕಾಶ ಕಲ್ಪಿಸಿದೆ. ಅಲ್ಲಿ ಚಿತ್ರ ಬರೆದವರನ್ನೇ ಮಾತನಾಡಿಸಿ, ಅದು ಮೂಲವೋ ಪ್ರತಿಯೋ, ಯಾವ ಕಾಗದ, ಯಾವ ಬಣ್ಣ ಎಂದು ಕೇಳಿ ತಿಳಿದುಕೊಳ್ಳಬಹುದು.